ಹೋಂಸ್ಟೇಗೆ ವಿದೇಶಿ ಅತಿಥಿ ಬಂದರೆ: ಫಾರ್ಮ್ ಸಿ ತುಂಬುವ ಸಮಗ್ರ ಮಾರ್ಗದರ್ಶಿ

ಕಾಫಿ ಕೊಯ್ಲು ಶುರುವಾದಾಗಿನಿಂದ ಹೂಮಳೆ ಬೀಳುವವರೆಗೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಹೋಂಸ್ಟೇಗಳಿಗೆ ಒಳ್ಳೆಯ ಕಾಲ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆ ದೇಗುಲಗಳನ್ನು ನೋಡಲು ಬಂದವರಲ್ಲಿ ಕೆಲವರು ರಾತ್ರಿ ತೋಟದ ಮನೆಯಲ್ಲಿ ಉಳಿಯುತ್ತಾರೆ. ಅಕ್ಕಿರೊಟ್ಟಿ, ಕಡುಬು ಬಡಿಸಿ ಉಪಚಾರ ಮಾಡುವುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರು ಎಡವುವುದು ಕಾಗದಪತ್ರದಲ್ಲಿ.

ನಿಯಮ ಒಂದೇ ಸಾಲಿನದು. ವಿದೇಶಿ ಪ್ರಜೆಗೆ ತಂಗಲು ಜಾಗ ಕೊಟ್ಟವರು, ಆತ ಬಂದ 24 ಗಂಟೆಯೊಳಗೆ ಆತನ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಆ ನಮೂನೆಯೇ ಫಾರ್ಮ್ ಸಿ. ಗಡಿಯಾರ ಓಡಲು ಶುರುವಾಗುವುದು ಅತಿಥಿ ನಿಮ್ಮ ಗೇಟು ದಾಟಿದಾಗ, ಆದರೆ ಕೆಲಸದ ಮುಕ್ಕಾಲು ಪಾಲು ಅವರು ಬೆಂಗಳೂರು ಬಿಡುವ ಮೊದಲೇ ಮುಗಿದಿರಬೇಕು. ಹಾಗೆ ಮಾಡುವವರಿಗೆ ಫಾರ್ಮ್ ಸಿ ಹತ್ತು ನಿಮಿಷದ ಕೆಲಸ. ರಾತ್ರಿ ಒಂಬತ್ತಕ್ಕೆ, ಕರೆಂಟ್ ಹೋದಮೇಲೆ, ಮಲಗಲು ಹೊರಟ ಅತಿಥಿಯ ಹತ್ತಿರ ಪಾಸ್‌ಪೋರ್ಟ್ ಕೇಳುವವರಿಗೆ ಅದೇ ತಲೆನೋವು.

ಹೊಣೆ ಯಾರದು

ಹೊಣೆ ನಿಮ್ಮದೇ, ಅತಿಥಿಯದಲ್ಲ. ಬುಕಿಂಗ್ ಆ್ಯಪ್‌ನವರು ಪಾಸ್‌ಪೋರ್ಟ್ ಪ್ರತಿ ತೆಗೆದುಕೊಂಡಿದ್ದರೂ ಅದು ಅವರ ಲೆಕ್ಕಕ್ಕೆ. ನಿಮ್ಮ ಪರವಾಗಿ ಅವರು ಫಾರ್ಮ್ ಸಿ ಸಲ್ಲಿಸುವುದಿಲ್ಲ. ಟ್ರಾವೆಲ್ ಏಜೆಂಟ್ ಕಳಿಸಿದ ಗುಂಪಾದರೂ ಇದೇ ಮಾತು.

ಇದು ಮೊದಲು 1946ರ ವಿದೇಶಿಯರ ಕಾಯ್ದೆ ಮತ್ತು 1992ರ ನೋಂದಣಿ ನಿಯಮಗಳ ಕೆಳಗಿತ್ತು. 2025ರಲ್ಲಿ ಸಂಸತ್ತು ಅಂಗೀಕರಿಸಿದ ವಲಸೆ ಮತ್ತು ವಿದೇಶಿಯರ ಕಾಯ್ದೆ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, 1920, 1939, 1946 ಮತ್ತು 2000ದ ನಾಲ್ಕು ಹಳೆಯ ಕಾಯ್ದೆಗಳ ಜಾಗ ಹಿಡಿದಿದೆ. ಹೊಸ ನಿಯಮಗಳಲ್ಲಿ ನಮೂನೆಯ ಸಂಖ್ಯೆ ಬದಲಾಗಿದ್ದರೂ ಠಾಣೆಯಲ್ಲೂ ಹೋಂಸ್ಟೇಗಳಲ್ಲೂ ಬಾಯಲ್ಲಿ ಉಳಿದಿರುವುದು ಫಾರ್ಮ್ ಸಿ ಎಂಬ ಹೆಸರೇ.

ಹೋಟೆಲ್, ಹೋಂಸ್ಟೇ, ಗೆಸ್ಟ್‌ಹೌಸ್, ಧರ್ಮಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯ, ಖಾಸಗಿ ಮನೆ ಎಲ್ಲವೂ ಇದರೊಳಗೆ ಬರುತ್ತವೆ. ಶ್ರವಣಬೆಳಗೊಳದ ಯಾತ್ರಿ ನಿವಾಸಕ್ಕೂ ಇದೇ ನಿಯಮ. ದುಡ್ಡು ತೆಗೆದುಕೊಳ್ಳದೆ ಸ್ನೇಹಕ್ಕೆ ಉಳಿಸಿಕೊಂಡೆವು ಎಂದರೂ ವಿನಾಯಿತಿ ಇಲ್ಲ. ಬರೀ ಊಟಕ್ಕೆ, ತೋಟ ಸುತ್ತಲು ಬಂದು ಸಂಜೆ ವಾಪಸಾಗುವವರಿಗೆ ಮಾತ್ರ ನಮೂನೆ ಬೇಕಿಲ್ಲ, ಏಕೆಂದರೆ ಅವರು ನಿಮ್ಮಲ್ಲಿ ತಂಗುತ್ತಿಲ್ಲ.

ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಯವರೇ ವಿದೇಶಿಯರ ನೋಂದಣಿ ಅಧಿಕಾರಿ, ಅಂದರೆ ಎಫ್‌ಆರ್‌ಒ. ಬೆಂಗಳೂರಿನಲ್ಲಿರುವುದು ಪ್ರಾದೇಶಿಕ ಕಚೇರಿ, ಎಫ್‌ಆರ್‌ಆರ್‌ಒ. ಚಿಕ್ಕಮಗಳೂರಿನವರಾಗಲಿ ಹಾಸನದವರಾಗಲಿ ತಮ್ಮ ಜಿಲ್ಲೆಯ ಎಸ್‌ಪಿ ಕಚೇರಿಯನ್ನೇ ಕೇಳಬೇಕು.

ಯಾರನ್ನು ವಿದೇಶಿ ಎಂದು ಎಣಿಸಬೇಕು

ಹೆಚ್ಚು ತಪ್ಪುಗಳು ಆಗುವುದು ಇಲ್ಲೇ. ಬಿಳಿ ಚರ್ಮದವರು ಬಂದರೆ ಎಲ್ಲರಿಗೂ ಫಾರ್ಮ್ ನೆನಪಾಗುತ್ತದೆ. ಬಿಟ್ಟುಹೋಗುವುದು ನಮ್ಮಂತೆಯೇ ಕಾಣುವ, ಕನ್ನಡದಲ್ಲೇ ಮಾತಾಡುವವರದು.

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದು, ಒಸಿಐ ಕಾರ್ಡ್ ಇಟ್ಟುಕೊಂಡು ಊರಿಗೆ ಬರುವವರು ಕಾನೂನಿನ ಕಣ್ಣಲ್ಲಿ ವಿದೇಶಿಯರು. ಒಸಿಐ ಎಂದರೆ ಜೀವಾವಧಿ ವೀಸಾ, ಭಾರತದ ಪೌರತ್ವವಲ್ಲ. ಅವರು ಹೋಂಸ್ಟೇಯಲ್ಲಿ ಉಳಿದರೆ ಫಾರ್ಮ್ ಸಿ ಬೇಕು. "ನಾವು ಕೊಪ್ಪದವರೇ ಕಣ್ರೀ, ನಮಗೇಕೆ ಇದೆಲ್ಲ" ಎಂದು ಅವರು ಬೇಸರಪಟ್ಟುಕೊಳ್ಳಬಹುದು. ಬುಕಿಂಗ್ ಮಾಡುವಾಗಲೇ ನಯವಾಗಿ ಹೇಳಿಟ್ಟರೆ ಗೇಟಿನಲ್ಲಿ ಜಗಳವಾಗುವುದಿಲ್ಲ.

ಇನ್ನೂ ಸೂಕ್ಷ್ಮವಾದದ್ದು ಮಕ್ಕಳ ವಿಷಯ. ಅಪ್ಪ ಅಮ್ಮ ಇಬ್ಬರದೂ ಭಾರತದ ಪಾಸ್‌ಪೋರ್ಟ್, ಮಗು ಹುಟ್ಟಿದ್ದು ಅಮೆರಿಕದಲ್ಲಿ, ಹಾಗಾಗಿ ಮಗುವಿನದು ಅಲ್ಲಿನ ಪಾಸ್‌ಪೋರ್ಟ್. ಆಗ ದೊಡ್ಡವರಿಗೆ ನಮೂನೆ ಬೇಡ, ಎರಡು ವರ್ಷದ ಆ ಕೂಸಿಗೆ ಬೇಕು. ವಿದೇಶಿ ಪಾಸ್‌ಪೋರ್ಟ್ ಇರುವ ಪ್ರತಿಯೊಬ್ಬರಿಗೂ, ವಯಸ್ಸು ಎಷ್ಟೇ ಇರಲಿ, ಒಂದೊಂದು ನಮೂನೆ. ಹನ್ನೆರಡು ಜನರ ಗುಂಪಿಗೆ ಹನ್ನೆರಡು. ಒಂದಕ್ಕೆ ಹತ್ತು ನಿಮಿಷವೆಂದರೂ ಎರಡು ಗಂಟೆ ಕೂರಬೇಕು.

ಮೂರನೆಯವರು ಬೆಂಗಳೂರಿನಲ್ಲೇ ಕೆಲಸ ಮಾಡಿಕೊಂಡಿರುವ ವಿದೇಶಿಯರು. ಶನಿವಾರ ಮುಳ್ಳಯ್ಯನಗಿರಿಗೆ ಬಂದು ನಿಮ್ಮಲ್ಲಿ ತಂಗುತ್ತಾರೆ. ಗುರುತಿಗೆ ಆಧಾರ್ ಕಾರ್ಡನ್ನೇ ತೋರಿಸಬಹುದು, ಏಕೆಂದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದ ವಿದೇಶಿಯರಿಗೂ ಆಧಾರ್ ಸಿಗುತ್ತದೆ. ಆಧಾರ್ ವಾಸಕ್ಕೆ ಸಂಬಂಧಿಸಿದ್ದೇ ಹೊರತು ಪೌರತ್ವದ ಪುರಾವೆಯಲ್ಲ. ಬೆಂಗಳೂರಿನಲ್ಲಿ ಎಫ್‌ಆರ್‌ಆರ್‌ಒ ನೋಂದಣಿ ಮಾಡಿಸಿದ್ದೇನೆ ಎಂಬ ಉತ್ತರವೂ ಇಲ್ಲಿ ಸಾಲದು. ಅದು 180 ದಿನಕ್ಕಿಂತ ದೀರ್ಘ ವೀಸಾದವರು ಬಂದ 14 ದಿನದೊಳಗೆ ತಾವೇ ಮಾಡಿಸಿಕೊಳ್ಳಬೇಕಾದ ನೋಂದಣಿ. ಫಾರ್ಮ್ ಸಿ ಜಾಗ ಕೊಟ್ಟವರು ಕೊಡಬೇಕಾದ ವರದಿ. ಎರಡೂ ಬೇರೆ ಬೇರೆ.

ನೇಪಾಳ, ಭೂತಾನ್ ಪ್ರಜೆಗಳಿಗೆ ಸಾಮಾನ್ಯವಾಗಿ ವೀಸಾ ಬೇಕಿಲ್ಲ. ಅವರ ಗುರುತಿನ ದಾಖಲೆಯನ್ನು ರಿಜಿಸ್ಟರ್‌ಗೆ ಏರಿಸಿ, ಉಳಿದದ್ದನ್ನು ಠಾಣೆಯಲ್ಲಿ ಕೇಳಿ. ಪಾಕಿಸ್ತಾನದ ಪಾಸ್‌ಪೋರ್ಟ್‌ನವರ ವೀಸಾದಲ್ಲಿ ಹೋಗಬಹುದಾದ ಊರುಗಳ ಹೆಸರೇ ಬರೆದಿರುತ್ತದೆ. ಅಂಥ ಬುಕಿಂಗ್ ಬಂದರೆ ಒಪ್ಪುವ ಮೊದಲೇ ಠಾಣೆಗೆ ಫೋನ್ ಮಾಡಿ.

ಖಾತೆ ತೆರೆಯುವುದು

ಮೊದಲ ವಿದೇಶಿ ಬುಕಿಂಗ್ ಬಂದ ದಿನ ಖಾತೆ ತೆರೆಯಲು ಹೊರಡಬೇಡಿ. ನೀವು ಅರ್ಜಿ ಹಾಕಿದ ಮೇಲೆ ಅದನ್ನು ಅಧಿಕಾರಿ ಒಪ್ಪಬೇಕು, ಅಷ್ಟರಲ್ಲಿ 24 ಗಂಟೆ ದಾಟಿಹೋಗಬಹುದು. ಹೋಂಸ್ಟೇ ಶುರುಮಾಡುವಾಗಲೇ ಇದನ್ನೂ ಮುಗಿಸಿ.

ಜಾಲತಾಣ ಇಂಡಿಯನ್‌ಎಫ್‌ಆರ್‌ಆರ್‌ಒ ಡಾಟ್ ಗವ್ ಡಾಟ್ ಇನ್. ಕೊನೆಯಲ್ಲಿ "ಗವ್ ಡಾಟ್ ಇನ್" ಇಲ್ಲದ, ದುಡ್ಡು ಕೇಳುವ ತಾಣ ಕಂಡರೆ ಮುಚ್ಚಿಬಿಡಿ. ಫಾರ್ಮ್ ಸಿಗೆ ಸರ್ಕಾರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ.

1. ಫಾರ್ಮ್ ಸಿ ವಿಭಾಗಕ್ಕೆ ಹೋಗಿ ಹೊಸ ನೋಂದಣಿ ಆರಿಸಿ. ಬಳಕೆದಾರ ಹೆಸರು, ಪಾಸ್‌ವರ್ಡ್, ಭದ್ರತಾ ಪ್ರಶ್ನೆ ಕೇಳುತ್ತದೆ. ನಿಮ್ಮ ಹೆಸರು, ಹುದ್ದೆ, ಇಮೇಲ್, ಮೊಬೈಲ್ ಸಂಖ್ಯೆ ಕೊಡಿ. ಮ್ಯಾನೇಜರ್ ಮೊಬೈಲ್ ಕೊಟ್ಟಿದ್ದು ನಾಳೆ ಆತ ಕೆಲಸ ಬಿಟ್ಟರೆ ಖಾತೆಯೂ ಅವನ ಜತೆ ಹೋದಂತೆ. ಮಾಲೀಕರ ಸಂಖ್ಯೆಯನ್ನೇ ಹಾಕಿ.

2. ವಸತಿಯ ವಿವರ ತುಂಬಿ: ಹೆಸರು, ಎಷ್ಟು ಜನ ತಂಗಬಹುದು, ವಿಳಾಸ, ಜಿಲ್ಲೆ, ಯಾವ ಬಗೆಯ ವಸತಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರದಲ್ಲಿ ಹೆಸರು, ವಿಳಾಸ ಹೇಗಿದೆಯೋ ಅಕ್ಷರಕ್ಕಕ್ಷರ ಹಾಗೇ ಇರಲಿ. ಪತ್ರದಲ್ಲಿ "ಎಸ್ಟೇಟ್ ಸ್ಟೇ", ಇಲ್ಲಿ "ಹಿಲ್ ವ್ಯೂ ಹೋಂಸ್ಟೇ" ಎಂದಿದ್ದರೆ ಪರಿಶೀಲನೆಗೆ ಬಂದ ಪೊಲೀಸರಿಗೆ ಎರಡು ಜಾಗವೆಂದೇ ಅನ್ನಿಸುತ್ತದೆ.

3. ಜಿಲ್ಲೆಯ ಅಧಿಕಾರಿಯನ್ನು ಆರಿಸುವಾಗ ಹುಷಾರು. ಗಡಿಯ ತೋಟಗಳಲ್ಲಿ ಇದು ತಪ್ಪುತ್ತದೆ. ಅಂಚೆ ವಿಳಾಸ ಯಾವುದೇ ಇರಲಿ, ನಿಮ್ಮ ಸರ್ವೆ ನಂಬರ್ ಯಾವ ತಾಲ್ಲೂಕು, ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೆಂದು ಪಹಣಿ ನೋಡಿ ಖಚಿತಪಡಿಸಿಕೊಳ್ಳಿ.

4. ಮಾಲೀಕರ ವಿವರ ಸೇರಿಸಿ ಸಲ್ಲಿಸಿ. ವಾರವಾದರೂ ಒಪ್ಪಿಗೆ ಬರದಿದ್ದರೆ ಎಸ್‌ಪಿ ಕಚೇರಿಯಲ್ಲಿ ವಿದೇಶಿಯರ ವಿಷಯ ನೋಡುವ ಸಿಬ್ಬಂದಿಯನ್ನು ನೇರವಾಗಿ ಕಾಣಿ. ನೋಂದಣಿ ಪತ್ರದ ಪ್ರತಿ ಜತೆಗಿರಲಿ.

ಖಾತೆ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಎರಡು ಕಡೆ ಹೋಂಸ್ಟೇ ಇದ್ದರೆ ಎರಡಕ್ಕೂ ಬೇರೆ ಬೇರೆ ಖಾತೆ ಮಾಡಿ. ಪೇಟೆಯ ಸೈಬರ್ ಸೆಂಟರ್‌ನವರಿಗೆ ಪಾಸ್‌ವರ್ಡ್ ಕೊಟ್ಟು "ನೀವೇ ನೋಡ್ಕೊಳ್ಳಿ" ಎನ್ನುವ ರೂಢಿ ಬಿಡಿ. ಅಲ್ಲಿ ಏನೇ ತಪ್ಪು ನಮೂದಾದರೂ ಅದು ನಿಮ್ಮ ಹೆಸರಿನಲ್ಲೇ ಇರುತ್ತದೆ.

ಬುಕಿಂಗ್ ದಿನವೇ ತರಿಸಿಕೊಳ್ಳಿ

ಮುಂಗಡ ಬಂದ ಕೂಡಲೇ ಒಂದು ಸಂದೇಶ ಕಳಿಸಿ. ಗುಂಪಿನಲ್ಲಿ ಯಾರ ಹತ್ತಿರ ವಿದೇಶಿ ಪಾಸ್‌ಪೋರ್ಟ್ ಇದೆ, ಒಸಿಐನವರು ಯಾರು, ಮಕ್ಕಳೆಷ್ಟು ಎಂದು ಕೇಳಿ. ನಂತರ ತಲೆಗೊಂದರಂತೆ ಇಷ್ಟು ಬೇಕು: ಪಾಸ್‌ಪೋರ್ಟ್‌ನ ಫೋಟೊ ಇರುವ ಪುಟ, ವೀಸಾ ಪುಟ ಅಥವಾ ಇ-ವೀಸಾ ಪತ್ರ ಅಥವಾ ಒಸಿಐ ಕಾರ್ಡು, ಮುಖದ ಒಂದು ಫೋಟೊ, ಸ್ವಂತ ದೇಶದ ಮನೆ ವಿಳಾಸ, ಫೋನ್ ಸಂಖ್ಯೆ, ನಿಮ್ಮಲ್ಲಿಗೆ ಬರುವ ಮುಂಚಿನ ಊರು, ಇಲ್ಲಿಂದ ಮುಂದೆ ಹೋಗುವ ಊರು. ಭಾರತಕ್ಕೆ ಇನ್ನೂ ಬಂದಿಳಿಯದವರು ವಲಸೆ ಮುದ್ರೆಯ ಪುಟವನ್ನು ವಿಮಾನ ನಿಲ್ದಾಣದಿಂದ ಹೊರಬಿದ್ದ ಮೇಲೆ ಕಳಿಸಲಿ.

ಪಾಸ್‌ಪೋರ್ಟ್ ಪುಟದ ಫೋಟೊದಲ್ಲಿ ಕೆಳಗಿನ ಎರಡು ಸಾಲು ಪೂರ್ತಿ ಕಾಣಬೇಕು. ಬಾಣದ ಗುರುತು ತುಂಬಿದ ಆ ಸಾಲುಗಳಲ್ಲಿ ತಲಾ 44 ಅಕ್ಷರಗಳು. ಬೆಳಕು ಬಿದ್ದು ಅವು ಮಸುಕಾಗಿದ್ದರೆ ಇನ್ನೊಮ್ಮೆ ಕೇಳಿ, ಏಕೆಂದರೆ ನಮೂನೆ ತುಂಬುವಾಗ ಅನುಮಾನ ಬಂದಲ್ಲೆಲ್ಲ ಉತ್ತರ ಅಲ್ಲಿರುತ್ತದೆ.

ನಮೂನೆಯ ಒಂದೊಂದು ಮನೆ

*ಹೆಸರು.* ಮನೆತನದ ಹೆಸರು, ಕೊಟ್ಟ ಹೆಸರು ಎರಡೂ ಬೇರೆ. ಯಾವುದು ಯಾವುದೆಂದು ತಿಳಿಯದಿದ್ದರೆ ಕೆಳಗಿನ ಮೊದಲ ಸಾಲು ನೋಡಿ. ದೇಶದ ಗುರುತಿಗೆಂದಿರುವ ಮೂರು ಜಾಗಗಳಾದ ಮೇಲೆ ಬರುವುದು ಮನೆತನದ ಹೆಸರು, ಅದರ ಮುಂದಿನ ಎರಡು ಬಾಣದ ಗುರುತಿನ ನಂತರ ಬರುವುದು ಕೊಟ್ಟ ಹೆಸರು. ಜರ್ಮನ್ ಹೆಸರುಗಳಲ್ಲಿ ತಲೆಯ ಮೇಲೆ ಎರಡು ಚುಕ್ಕಿ ಇರುವ ಅಕ್ಷರ ಬಂದರೆ ಅದನ್ನು ಹೇಗೆ ಒಡೆದು ಬರೆಯಬೇಕೆಂಬುದೂ ಆ ಸಾಲಿನಲ್ಲೇ ಇದೆ. ಬುಕಿಂಗ್ ಆ್ಯಪ್‌ನಲ್ಲಿರುವ ಅಡ್ಡಹೆಸರನ್ನು ಇಲ್ಲಿ ಹಾಕಬೇಡಿ.

*ಪಾಸ್‌ಪೋರ್ಟ್ ಸಂಖ್ಯೆ.* ಸೊನ್ನೆಯೋ ಇಂಗ್ಲಿಷಿನ ಒ ಅಕ್ಷರವೋ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಜರ್ಮನಿಯವರದಾದರೆ ನಿಶ್ಚಿಂತೆಯಾಗಿ ಸೊನ್ನೆ ಒತ್ತಿ, ಅವರ ಸಂಖ್ಯೆಯಲ್ಲಿ ಒ ಅಕ್ಷರವನ್ನು ಬಳಸುವುದೇ ಇಲ್ಲ. ಬೇರೆಯವರದನ್ನು ಮೇಲಿನ ಸಂಖ್ಯೆ ಮತ್ತು ಕೆಳಗಿನ ಎರಡನೇ ಸಾಲು ಎರಡರಲ್ಲೂ ತಾಳೆ ನೋಡಿ. ಒಂದಕ್ಷರ ತಪ್ಪಿದರೂ ಸರ್ಕಾರದ ಕಡತದಲ್ಲಿ ಆ ಮನುಷ್ಯ ನಿಮ್ಮಲ್ಲಿ ತಂಗಿಯೇ ಇಲ್ಲ.

*ಕೊಟ್ಟ ಸ್ಥಳ.* ಅಮೆರಿಕದ ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು ಸಿಗುವುದಿಲ್ಲ, ಅದನ್ನು ಕೊಟ್ಟ ಇಲಾಖೆಯ ಹೆಸರಿರುತ್ತದೆ. ಅದನ್ನೇ ಬರೆಯಿರಿ. ಹುಟ್ಟಿದ ಊರನ್ನು ತಂದು ಇಲ್ಲಿ ಕೂರಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು.

*ದಿನಾಂಕಗಳು.* ನಮೂನೆಯಲ್ಲಿ ನಮ್ಮ ಕ್ರಮ: ದಿನ, ತಿಂಗಳು, ವರ್ಷ. ಅಮೆರಿಕದವರು ಕೈಬರಹದಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ. ಆದ್ದರಿಂದ ಅವರು ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಿದ್ದನ್ನು ಬಿಟ್ಟು ಪಾಸ್‌ಪೋರ್ಟ್ ನೋಡಿಯೇ ತುಂಬಿ.

*ವೀಸಾ.* ಸ್ಟಿಕ್ಕರ್ ವೀಸಾದಲ್ಲಿ ಸಂಖ್ಯೆ ಸ್ಪಷ್ಟವಾಗಿರುತ್ತದೆ. ಇ-ವೀಸಾ ಪತ್ರದಲ್ಲಿ ಅರ್ಜಿ ಸಂಖ್ಯೆ, ವೀಸಾ ಸಂಖ್ಯೆ ಎಂದು ಎರಡು ಇರುತ್ತವೆ. ಬೇಕಾದ್ದು ಎರಡನೆಯದು. ಅವಧಿಯ ವಿಷಯದಲ್ಲಿ ಇನ್ನೊಂದು ಬಲೆ ಇದೆ. ಪ್ರವಾಸಿ ಇ-ವೀಸಾ 30 ದಿನ, ಒಂದು ವರ್ಷ, ಐದು ವರ್ಷ ಎಂದು ಮೂರು ಬಗೆ. 30 ದಿನದ್ದರಲ್ಲಿ ಲೆಕ್ಕ ಶುರುವಾಗುವುದು ಭಾರತಕ್ಕೆ ಕಾಲಿಟ್ಟ ದಿನದಿಂದ. ಪತ್ರದಲ್ಲಿ ಅಚ್ಚಾದ ಕೊನೆಯ ದಿನಾಂಕ ಅಷ್ಟರೊಳಗೆ ಬಂದಿಳಿಯಬೇಕು ಎಂಬುದಕ್ಕೆ. ಹಾಗಾಗಿ ಪತ್ರ ನೋಡಿ "ನಿಮ್ಮ ವೀಸಾ ಮುಗಿದಿದೆ" ಎಂದು ಅತಿಥಿಯನ್ನು ಗಾಬರಿಗೊಳಿಸುವ ಮೊದಲು ಪಾಸ್‌ಪೋರ್ಟ್‌ನಲ್ಲಿ ವಲಸೆ ಅಧಿಕಾರಿ ಒತ್ತಿದ ಮುದ್ರೆ ನೋಡಿ. ನಿಜವಾಗಿಯೂ ಅವಧಿ ಮೀರಿದ್ದರೆ ಮುಚ್ಚಿಡಬೇಡಿ, ಇದ್ದದ್ದನ್ನೇ ತುಂಬಿ ಠಾಣೆಗೆ ತಿಳಿಸಿ.

*ಭಾರತಕ್ಕೆ ಬಂದ ದಿನ, ನಿಮ್ಮಲ್ಲಿಗೆ ಬಂದ ದಿನ.* ಎರಡು ಮನೆ, ಎರಡು ದಿನಾಂಕ. ಮೊದಲನೆಯದು ವಲಸೆ ಮುದ್ರೆಯಲ್ಲಿದೆ. ವಿಮಾನ ನಿಲ್ದಾಣದ ಇ-ಗೇಟ್ ಮೂಲಕ ಬಂದ ಒಸಿಐನವರ ಹತ್ತಿರ ಮುದ್ರೆ ಇರದಿರಬಹುದು, ಅವರಿಂದ ಬೋರ್ಡಿಂಗ್ ಪಾಸ್ ಕೇಳಿ. ಎರಡನೆಯದಕ್ಕೆ ಗಂಟೆ ಸಮೇತ ಬೇಕು.

*ಬಂದ ಉದ್ದೇಶ.* ವೀಸಾ ಯಾವುದೋ ಅದಕ್ಕೆ ಹೊಂದಬೇಕು. ತೋಟದಲ್ಲಿ ಹಣ್ಣು ಕೊಯ್ದು, ಒಣಗಿಸಿ, ಅದರ ಬದಲಿಗೆ ಪುಕ್ಕಟೆ ಉಳಿಯುತ್ತೇವೆ ಎಂದು ಬರೆಯುವ ಯುವಕರಿದ್ದಾರೆ. ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ, ಒಂದು ತಿಂಗಳು ಮೀರದ ಸ್ವಯಂಸೇವೆಗೆ ಅವಕಾಶವಿದೆ, ದುಡಿಮೆಗಿಲ್ಲ. ಊಟ ವಸತಿಯ ಬದಲಿಗೆ ಕೆಲಸ ಎಂಬುದು ಯಾವ ಕಡೆಗೆ ಸೇರುತ್ತದೆಂದು ವಾದಿಸುವ ಸ್ಥಿತಿಗೆ ಹೋಂಸ್ಟೇ ನಡೆಸುವವರು ಹೋಗದಿರುವುದೇ ಮೇಲು. ಒಂದು ಬೆಳಗ್ಗೆ ಬುಟ್ಟಿ ಕಟ್ಟಿಕೊಂಡು ಕೊಯ್ಲು ನೋಡುವುದು ಬೇರೆ, ಮೂರು ವಾರ ಆಳಿನ ಲೆಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಬೇರೆ.

*ಫೋಟೊ.* ಜೆಪಿಇಜಿ ಬೇಕು, ಗಾತ್ರದ ಮಿತಿ ಪರದೆಯ ಮೇಲೇ ಇರುತ್ತದೆ. ಐಫೋನ್‌ನಲ್ಲಿ ತೆಗೆದ ಫೋಟೊ ಬಹಳಷ್ಟು ಸಲ ಎಚ್‌ಇಐಸಿ ಎಂಬ ಬೇರೆ ಬಗೆಯದಾಗಿ ಬಂದು ಏರುವುದೇ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ದಾಖಲೆಯಾಗಿ ಅಲ್ಲದೆ ಫೋಟೊ ಆಗಿ ಕಳಿಸಿಕೊಂಡರೆ ಅದು ಜೆಪಿಇಜಿಯಾಗಿ, ಚಿಕ್ಕದಾಗಿ ಬರುತ್ತದೆ.

ಎಲ್ಲ ತುಂಬಿ ಸಲ್ಲಿಸಿದ ಮೇಲೆ ಅರ್ಜಿ ಸಂಖ್ಯೆ ಸಿಗುತ್ತದೆ. ಸಂಖ್ಯೆ ಕಾಣುವವರೆಗೆ ಕೆಲಸ ಮುಗಿದಿಲ್ಲ. ತಾತ್ಕಾಲಿಕವಾಗಿ ಉಳಿಸಿ ಹೊರಬಂದು, ಸಲ್ಲಿಸಿದ್ದೇವೆ ಎಂದುಕೊಂಡು ಸುಮ್ಮನಿರುವವರು ಕಡಿಮೆಯಿಲ್ಲ. ಪಿಡಿಎಫ್ ಇಳಿಸಿಕೊಂಡು ಒಂದು ಪ್ರತಿಯನ್ನು ಅತಿಥಿಗೂ ಕೊಡಿ. ಅದರ ಬೆಲೆ ಕೆಳಗೆ ತಿಳಿಯುತ್ತದೆ.

ನೆಟ್‌ವರ್ಕ್ ಇಲ್ಲದ ತೋಟದಲ್ಲಿ

ಕಳಸ, ಕೊಟ್ಟಿಗೆಹಾರ, ಬಿಸಿಲೆ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟ್ ದಿನಗಟ್ಟಲೆ ಬರುವುದಿಲ್ಲ, ಟವರ್ ಕೂಡ ಸುಮ್ಮನಾಗುತ್ತದೆ. 24 ಗಂಟೆಯ ನಿಯಮ ಇದನ್ನೆಲ್ಲ ಕೇಳುವುದಿಲ್ಲ. ಅತಿಥಿ ಬರುವ ಹಿಂದಿನ ದಿನವೇ ಪೇಟೆಯಲ್ಲಿ ಕೂತು ನಮೂನೆಯನ್ನು ಮುಕ್ಕಾಲು ಭಾಗ ತುಂಬಿ ಉಳಿಸಿಡಿ. ಬಂದ ಮೇಲೆ ಉಳಿಯುವುದು ಬಂದ ಗಂಟೆ ಹಾಕಿ ಸಲ್ಲಿಸುವುದಷ್ಟೇ, ಮಾರನೆಯ ದಿನ ಹಾಲಿಗೋ ತರಕಾರಿಗೋ ಪೇಟೆಗೆ ಹೋದಾಗ ಮೊಬೈಲ್‌ನಲ್ಲೇ ಮುಗಿಯುತ್ತದೆ. ಬರುವ ಮುನ್ನವೇ ಸಲ್ಲಿಸಿಬಿಡಬೇಡಿ. ಘಾಟಿ ಬಂದ್ ಆಗಿ ಅವರು ಬರದಿದ್ದರೆ, ಬಾರದವನನ್ನು ಬಂದನೆಂದು ವರದಿ ಮಾಡಿದಂತಾಗುತ್ತದೆ. ತಾಣವೇ ಕೈಕೊಟ್ಟರೆ ದೋಷದ ಪರದೆಯ ಚಿತ್ರ ತೆಗೆದಿಟ್ಟು, ವಿವರದ ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ತಾಣ ಸರಿಹೋದ ಕೂಡಲೇ ಆನ್‌ಲೈನ್‌ನಲ್ಲೂ ಸಲ್ಲಿಸಿ.

ರಿಜಿಸ್ಟರ್ ಮತ್ತು ಪ್ರತಿಗಳು

ಆನ್‌ಲೈನ್ ಆಯಿತೆಂದು ದಪ್ಪ ರಟ್ಟಿನ ಅತಿಥಿ ರಿಜಿಸ್ಟರ್ ಮೂಲೆಗೆ ಹಾಕಬೇಡಿ. ಬಂದಾಗ ಅತಿಥಿಯ ಸಹಿ, ಹೊರಡುವಾಗ ದಿನ, ಗಂಟೆ, ಮುಂದಿನ ವಿಳಾಸ ಅದರಲ್ಲಿರಲಿ. ಪೊಲೀಸರು ಬಂದರೆ ಮೊದಲು ಕೇಳುವುದು ಅದನ್ನೇ. ನಿಮ್ಮಲ್ಲಿದ್ದು ಹಂಪಿಗೆ ಹೋಗಿ ನಾಲ್ಕು ದಿನ ಬಿಟ್ಟು ಮರಳಿದವರಿಗೆ ರಿಜಿಸ್ಟರ್‌ನಲ್ಲಿ ಹೊಸ ಸಾಲು, ತಾಣದಲ್ಲಿ ಹೊಸ ಫಾರ್ಮ್ ಸಿ.

ಪಾಸ್‌ಪೋರ್ಟನ್ನು ಬಿಲ್ ಕೊಡುವವರೆಗೆ ಇಟ್ಟುಕೊಳ್ಳುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ಅದು ಆ ದೇಶದ ಸರ್ಕಾರದ ಸ್ವತ್ತು. ನೋಡಿ, ತಾಳೆ ಹಾಕಿ, ಅಲ್ಲೇ ಹಿಂದಿರುಗಿಸಿ. ಜೆರಾಕ್ಸ್ ಪ್ರತಿಯ ಮೇಲೆ ಓರೆಯಾಗಿ "ಫಾರ್ಮ್ ಸಿಗೆ ಮಾತ್ರ" ಎಂದು ಬರೆದು ದಿನಾಂಕ ಹಾಕಿ. ಡ್ರೈವರ್, ಅಡುಗೆಯವರು, ಜೀಪಿನವರೆಲ್ಲ ಇರುವ ವಾಟ್ಸ್ಆ್ಯಪ್ ಗುಂಪಿಗೆ ಪಾಸ್‌ಪೋರ್ಟ್ ಫೋಟೊ ಹೋಗಬಾರದು.

ಮರೆತುಹೋದರೆ

ಮೂರನೇ ದಿನ ನೆನಪಾಯಿತೆಂದುಕೊಳ್ಳಿ. ಅವತ್ತೇ ಸಲ್ಲಿಸಿ, ನಿಜವಾದ ದಿನಾಂಕವನ್ನೇ ಹಾಕಿ. ತಡವನ್ನು ಮುಚ್ಚಲು ಬಂದ ದಿನವನ್ನು ಮುಂದಕ್ಕೆ ತಳ್ಳಿದರೆ ತಡದ ತಪ್ಪಿನ ಮೇಲೆ ಸುಳ್ಳಿನ ತಪ್ಪು ಕೂಡಿಕೊಳ್ಳುತ್ತದೆ. ಅವರ ಹಿಂದಿನ ವಸತಿಯವರು ಹೊರಟ ದಿನವನ್ನು ಬರೆದಿರುತ್ತಾರೆ, ಯುಪಿಐ ಪಾವತಿಯ ದಿನವೂ ದಾಖಲಾಗಿರುತ್ತದೆ. ಸಲ್ಲಿಸಿದ ಮೇಲೆ ತಡಕ್ಕೆ ಕಾರಣ ಬರೆದು ಠಾಣೆಗೆ ಒಂದು ಪತ್ರ ಕೊಡಿ. ವರದಿ ಮಾಡದಿರುವುದು ದಂಡಕ್ಕೂ ಮೊಕದ್ದಮೆಗೂ ದಾರಿ.

ಅತಿಥಿ ಪಾಸ್‌ಪೋರ್ಟ್ ಕಳೆದುಕೊಂಡರೆ

ಝರಿಯಲ್ಲೋ ಹೆಬ್ಬೆ ಜಲಪಾತದಲ್ಲೋ ಬ್ಯಾಗು ನೀರುಪಾಲಾಯಿತು ಎನ್ನಿ. ಮೊದಲು ಆ ಜಾಗದ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಪಡೆಯಬೇಕು. ಆಮೇಲೆ ಅವರ ದೇಶದ ರಾಯಭಾರ ಕಚೇರಿ. ಬ್ರಿಟನ್, ಜರ್ಮನಿ, ಫ್ರಾನ್ಸ್, ಇಸ್ರೇಲ್‌ನವರಿಗೆ ಬೆಂಗಳೂರಿನಲ್ಲೇ ಕಚೇರಿಗಳಿವೆ. ಅಮೆರಿಕದವರಿಗೆ ಕರ್ನಾಟಕವನ್ನು ನೋಡಿಕೊಳ್ಳುವುದು ಚೆನ್ನೈನ ಕಾನ್ಸುಲೇಟ್. ಅಲ್ಲಿ ತುರ್ತು ಪಾಸ್‌ಪೋರ್ಟ್ ಸಿಕ್ಕಿತೆಂದು ನೇರ ವಿಮಾನ ಹತ್ತುವಂತಿಲ್ಲ, ಏಕೆಂದರೆ ಅದರಲ್ಲಿ ಭಾರತದ ವೀಸಾ ಇರುವುದಿಲ್ಲ. ಇ-ಎಫ್‌ಆರ್‌ಆರ್‌ಒ ತಾಣದಲ್ಲಿ ನಿರ್ಗಮನ ಪರವಾನಗಿಗೆ ಅರ್ಜಿ ಹಾಕಬೇಕು. ಆ ಅರ್ಜಿಗೆ ವಾಸದ ಪುರಾವೆಯಾಗಿ ಕೇಳುವುದು ಫಾರ್ಮ್ ಸಿಯನ್ನೇ. ವಸತಿಯವರು ಅದನ್ನು ಸಲ್ಲಿಸಿಯೇ ಇರದಿದ್ದರೆ ಅತಿಥಿ ಅಲ್ಲೇ ಸಿಕ್ಕಿಬೀಳುತ್ತಾರೆ, ಸಲ್ಲಿಸದವರ ಹೆಸರೂ ಆಗಲೇ ಹೊರಬರುತ್ತದೆ. ಕಳೆದ ಪಾಸ್‌ಪೋರ್ಟ್, ವೀಸಾದ ಸಂಖ್ಯೆಗಳು ಬೇಕಾದಾಗ ಅತಿಥಿಯ ಫೋನೂ ಬ್ಯಾಗಿನ ಜತೆ ಹೋಗಿದ್ದರೆ ನಿಮ್ಮ ಕಡತದಲ್ಲಿರುವ ಆ ಎರಡು ಪುಟಗಳೇ ಗತಿ. ಫಾರ್ಮ್ ಸಿ ಪಿಡಿಎಫ್ ಜತೆ ಅವನ್ನೂ ಮುದ್ರಿಸಿ, ಬೆಂಗಳೂರಿನ ಬಸ್ಸು ಹತ್ತಿಸುವ ಮೊದಲು ಅವರ ಕೈಗೆ ಕೊಡಿ.